ಕರಗದ ಮೇಣದಬತ್ತಿಗೆ ದುಡ್ಡು ಹಾಕಬೇಡಿ: ಮುಂಬಯಿ ಅಂಗಡಿಗಳ ಪಾಸ್ಖ ಬತ್ತಿ

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲ ಅರ್ಧ ದಾಟಿತೆಂದರೆ ಮುಂಬಯಿಯ ಚರ್ಚ್ ಸಾಮಾನಿನ ಅಂಗಡಿಗಳಲ್ಲಿ ಉದ್ದನೆಯ ಬಿಳಿ ಮೇಣದಬತ್ತಿಗಳು ಹಿಂದಿನ ಮೂಲೆಯಿಂದ ಮುಂಬಾಗಿಲಿಗೆ ಬರುತ್ತವೆ. ಈಸ್ಟರ್ ಹಿಂದಿನ ರಾತ್ರಿ, ಪಾಸ್ಖ (ಈಸ್ಟರ್ ಹಬ್ಬದ ಇನ್ನೊಂದು ಹೆಸರು) ಜಾಗರಣೆಯ ಕತ್ತಲಲ್ಲಿ ಹೊಸ ಬೆಂಕಿಯಿಂದ ಹೊತ್ತಿಸುವ ಬತ್ತಿ ಇದು. ವರ್ಷಕ್ಕೊಂದು, ಚರ್ಚಿಗೊಂದು. ಮಂಗಳೂರು ಕಡೆಯವರು ಮಿರ್ನ್ಯಾಂವ್ ಅನ್ನುವ, ಚರ್ಚಿನ ಪೂಜಾಸಾಮಾನು ನೋಡಿಕೊಳ್ಳುವ ಕೆಲಸ ಹೊತ್ತವರೋ, ಧರ್ಮಕೇಂದ್ರದ ಸಮಿತಿಯಲ್ಲಿ ಕೂತ ನಮ್ಮವರೋ ಇದನ್ನು ಕೊಳ್ಳಲು ಹೋಗುತ್ತಾರೆ. ಅಂಗಡಿಯವನು ಮೂರು ಬಗೆ ತೋರಿಸುತ್ತಾನೆ: ಬರಿ ಪ್ಯಾರಾಫಿನ್ನಿನದು, ಜೇನುಮೇಣ ಬೆರೆತದ್ದು, ಪ್ಲಾಸ್ಟಿಕ್ ಕೊಳವೆಯೊಳಗೆ ಎಣ್ಣೆ ತುಂಬುವುದು. ಕಡೆಯದನ್ನು ಅವನು ಹೆಚ್ಚು ಹೊಗಳುತ್ತಾನೆ. ಅದನ್ನು ಮೊದಲು ಮುಗಿಸಿಬಿಡೋಣ.

ಎಣ್ಣೆ ಕೊಳವೆಯ ಬತ್ತಿ ನೋಡುವುದಕ್ಕೇನೋ ಲಕ್ಷಣವಾಗಿದೆ. ಬಿಳಿ ಪ್ಲಾಸ್ಟಿಕ್ ಮೈ, ತಲೆಗೆ ಹಿತ್ತಾಳೆ ಮೂತಿ, ಒಳಗೆ ದ್ರವ ಪ್ಯಾರಾಫಿನ್ನಿನ ಡಬ್ಬಿ. ಮೇಣ ಸೋರುವುದಿಲ್ಲ, ಬಲಿಪೀಠದ ಬಟ್ಟೆಗೆ ಕಲೆಯಾಗುವುದಿಲ್ಲ, ಎತ್ತರ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಮುಂದಿನ ವರ್ಷ ಇಸವಿಯ ಸ್ಟಿಕರ್ ಕಿತ್ತು ಹೊಸದನ್ನು ಅಂಟಿಸಿದರಾಯಿತು, "ಹತ್ತು ವರ್ಷ ನೋಡೋದೇ ಬೇಡ" ಅನ್ನುತ್ತಾನೆ ಅಂಗಡಿಯವನು. ಅವನು ಗುಣವೆಂದು ಹೇಳುವ ಪ್ರತಿಯೊಂದೂ ಈ ಬತ್ತಿಯ ಮಟ್ಟಿಗೆ ದೋಷ. 1988ರಲ್ಲಿ ವ್ಯಾಟಿಕನ್ನಿನ ಆರಾಧನಾ ವಿಭಾಗ ಪಾಸ್ಖ ಆಚರಣೆಯ ಬಗ್ಗೆ ಕಳಿಸಿದ ಸುತ್ತೋಲೆಯ 82ನೇ ಅಂಶ ಇದನ್ನು ನೇರವಾಗಿ ಹೇಳುತ್ತದೆ. ಪಾಸ್ಖ ಬತ್ತಿ ಮೇಣದ್ದಾಗಿರಬೇಕು, ಕೃತಕವಾಗಿರಕೂಡದು, ಪ್ರತಿವರ್ಷ ಹೊಸದಾಗಬೇಕು, ಒಂದೇ ಇರಬೇಕು, ಸಾಕಷ್ಟು ದೊಡ್ಡದಿರಬೇಕು. ಐದು ಷರತ್ತಿನಲ್ಲಿ ಕೊಳವೆ ಮೊದಲ ಮೂರರಲ್ಲೇ ಬೀಳುತ್ತದೆ.

ನಿಯಮದ ಹಿಂದಿನ ಕಾರಣ ಗೊತ್ತಿಲ್ಲದಿದ್ದರೆ ಇದು ಬರಿ ಕಟ್ಟುನಿಟ್ಟಿನಂತೆ ಕಾಣುತ್ತದೆ. ಆ ರಾತ್ರಿ ಬತ್ತಿಯ ಪಕ್ಕ ನಿಂತು ಹಾಡುವ ದೀರ್ಘ ಪಾಸ್ಖ ಘೋಷಣೆ, ಲತೀನಿನಲ್ಲಿ ಎಕ್ಸುಲ್ತೆತ್, ಈ ಮೇಣದಬತ್ತಿಯನ್ನೇ "ಸಂಜೆಯ ಬಲಿ" ಎಂದು ಕರೆದು ತಂದೆಯಾದ ದೇವರ ಕೈಗೆ ಒಪ್ಪಿಸುತ್ತದೆ. ಜೇನುನೊಣಗಳ ದುಡಿಮೆ, ಸೇವಕರ ಕೈ, ಸಭೆಯ ಕಾಣಿಕೆ ಎಂದು ಹೆಸರು ಹಿಡಿದು ಹೇಳುತ್ತದೆ. ಅದೇ ಹಾಡಿನಲ್ಲಿ ಇನ್ನೊಂದು ಮಾತು: ಆಳನ್ನು ಬಿಡಿಸಲು ನೀನು ಮಗನನ್ನೇ ಕೊಟ್ಟೆಯಲ್ಲ, ಎಂಥ ಪ್ರೀತಿ! ಕ್ರೈಸ್ತರು ಬಲಿ ಅನ್ನುವಾಗ ಹೇಳುವುದೆಲ್ಲ ಈ ಎರಡು ಸಾಲುಗಳ ನಡುವೆ ಇದೆ. ನಮ್ಮ ಕನ್ನಡದಲ್ಲಿ ಕಥೋಲಿಕರು ಮಾಸ್ ಅನ್ನು ಬಲಿಪೂಜೆ ಅನ್ನುತ್ತಾರೆ. ಆ ಪದ ಕೇಳಿದ ಹೊರಗಿನವರಿಗೆ ಕೋಳಿ, ಕುರಿ, ಮಾರಿಗುಡಿ ನೆನಪಾಗುವುದು ಸಹಜ. ಅಲ್ಲಿ ಕೊಡುವವನು ಮನುಷ್ಯ, ಪಡೆಯುವವಳು ದೇವತೆ. ಇಲ್ಲಿ ದಿಕ್ಕೇ ತಿರುಗಿದೆ, ಕೊಡುವವನೇ ದೇವರು. "ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನೇ ಕೊಡುತ್ತೇನೆ" ಎಂಬರ್ಥದ ಯೇಸುಸ್ವಾಮಿಯ ಮಾತು ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಅವನು ಪ್ರಾಣ ಕೊಟ್ಟ ಎಂದು ಪೌಲ ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುತ್ತದೆ, ಅಂದರೆ ಯೋಗ್ಯತೆ ನೋಡಿ ಕೊಟ್ಟದ್ದಲ್ಲ. ಬೆಳಕು ಕೊಡುತ್ತ ತಾನು ಇಲ್ಲವಾಗುವ ವಸ್ತು ಬೇಕಾದದ್ದು ಇದಕ್ಕೇ. ಕಮ್ಮಿಯಾಗದ ಬತ್ತಿ ಇಟ್ಟರೆ ಹಾಡು ಒಂದು ಹೇಳುತ್ತದೆ, ಕಣ್ಣಮುಂದಿನ ಸಾಮಾನು ಇನ್ನೊಂದು ಹೇಳುತ್ತದೆ.

ಎಣ್ಣೆ ಬತ್ತಿಗೆ ಬಳಕೆಯ ತೊಂದರೆಗಳೂ ಇವೆ. ಮೆರವಣಿಗೆಯಲ್ಲಿ ಸ್ವಲ್ಪ ಓರೆಯಾದರೆ ಮೂತಿಯ ಸುತ್ತ ಎಣ್ಣೆ ಜಿನುಗಿ ಹಿಡಿದವರ ಕೈಗಿಳಿಯುತ್ತದೆ. ಮೈ ಪ್ಲಾಸ್ಟಿಕ್ ಆದ್ದರಿಂದ ಆ ರಾತ್ರಿ ಬತ್ತಿಯ ಮೇಲೆ ಕೊರೆಯಬೇಕಾದ ಶಿಲುಬೆ, ಅಕ್ಷರ, ಇಸವಿ ಕೊರೆಯಲು ಬರುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಹಳದಿಗಟ್ಟುತ್ತದೆ. ಬಲಿಪೀಠದ ಪಕ್ಕದ ದಿನನಿತ್ಯದ ಬತ್ತಿಗಳಿಗೆ ಕೊಳವೆ ಇಟ್ಟುಕೊಂಡ ಚರ್ಚುಗಳಿವೆ, ಆ ವಾದ ಬೇರೆ.

ಇನ್ನು ನಿಜವಾದ ಮೇಣದ ಎರಡು ಬಗೆ. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬರುವುದು, ದರ್ಜೆಗೆ ತಕ್ಕಂತೆ ಸುಮಾರು 46ರಿಂದ 68 ಡಿಗ್ರಿಯೊಳಗೆ ಕರಗುತ್ತದೆ. ಜೇನುಮೇಣ ಕರಗುವುದು 62ರಿಂದ 65ರ ಹತ್ತಿರ. ಮುಂಬಯಿಗೆ ಈ ವ್ಯತ್ಯಾಸ ಮುಖ್ಯ. ಈಸ್ಟರ್ ಬೀಳುವುದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ, ಬತ್ತಿ ಉರಿಯುವ 50 ದಿನ ಇಲ್ಲಿ ಕಡುಬೇಸಿಗೆ. ತಗಡಿನ ಮಾಡಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಅಗ್ಗದ ಪ್ಯಾರಾಫಿನ್ ಬತ್ತಿ ಎರಡು ವಾರದಲ್ಲಿ ಬಿಲ್ಲಾಗುತ್ತದೆ. ತಂದ ದಿನವೇ ಕಾಗದ ಸುತ್ತಿ ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ ಇಡಬೇಕು. ಬಾಗಿಹೋಗಿದ್ದರೆ 40 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಮೇಜಿನ ಮೇಲೆ ಚಪಾತಿ ಲಟ್ಟಿಸುವಂತೆ ಹೊರಳಿಸಿದರೆ ಸರಿಹೋಗುತ್ತದೆ. ಬಿಸಿಲಿಗಿಟ್ಟು ನೇರ ಮಾಡಲು ಹೋದರೆ ಒಂದು ಪಕ್ಕ ಮಾತ್ರ ಮೆತ್ತಗಾಗಿ ಇನ್ನಷ್ಟು ಡೊಂಕಾಗುತ್ತದೆ.

"ಪ್ಯೂರ್ ಜೇನುಮೇಣ" ಎಂಬ ಚೀಟಿಯನ್ನು ನಂಬಬೇಡಿ, ಎಷ್ಟು ಪಾಲು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬುಡದಿಂದ ಒಂದು ಚೂರು ಕೆರೆದು ನೀರಿಗೆ ಹಾಕಿ ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿ. 58 ಡಿಗ್ರಿಯಲ್ಲೇ ಎಣ್ಣೆಯಂತೆ ತೇಲಿದರೆ ಅದರಲ್ಲಿ ಪ್ಯಾರಾಫಿನ್ನಿನ ಪಾಲೇ ದೊಡ್ಡದು. ಹೆಚ್ಚು ಶಾಖ ತಡೆಯುವ ಪ್ಯಾರಾಫಿನ್ ಈ ಪರೀಕ್ಷೆಯಲ್ಲಿ ಪಾರಾಗಬಲ್ಲದು. ಆದ್ದರಿಂದ ಮೂಗಿನಿಂದಲೂ ನೋಡಿ: ಅಂಗೈಯಲ್ಲಿ ತಿಕ್ಕಿದರೆ ಜೇನುಮೇಣ ಜೇನಿನ ವಾಸನೆ ಬಿಡುತ್ತದೆ, ಬೆರಳಿಗೆ ಸ್ವಲ್ಪ ಅಂಟುತ್ತದೆ, ಪ್ಯಾರಾಫಿನ್ ಜಾರುತ್ತದೆ, ಉಗುರಿಗೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಶಿರಸಿ, ಕೊಡಗಿನ ಜೇನು ಸಾಕಣೆಯವರ ಮನೆಗಳಲ್ಲಿ ಎರಿ ಕರಗಿಸಿದ್ದನ್ನು ನೋಡಿದವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಒಂದು ಕಿಲೋ ಮೇಣ ಕಟ್ಟಲು ನೊಣಗಳು ಆರೇಳು ಕಿಲೋ ಜೇನು ತಿನ್ನಬೇಕು ಎಂಬುದು ಸಾಕಣೆಯವರ ರೂಢಿಯ ಲೆಕ್ಕ. ಹೂವಿನ ಸಾರವನ್ನು ತಾನು ತಿಂದು ಮೈಯಿಂದ ಮೇಣ ಬಸಿದುಕೊಡುವ ಈ ಹುಳುವನ್ನು ಪಾಸ್ಖ ಘೋಷಣೆ "ತಾಯಿ ಜೇನು" ಎಂದದ್ದು ಸುಮ್ಮನೆ ಅಲ್ಲ. ಹಳೆಯ ವ್ಯಾಖ್ಯಾನಕಾರರು ಮೇಣವನ್ನು ಕ್ರಿಸ್ತನ ದೇಹಕ್ಕೆ, ಒಳಗಿನ ದಾರವನ್ನು ಆತ್ಮಕ್ಕೆ, ಜ್ವಾಲೆಯನ್ನು ದೈವತ್ವಕ್ಕೆ ಹೋಲಿಸಿದರು. ಹಾಗೆಂದು ಪೂರ್ತಿ ಜೇನುಮೇಣಕ್ಕೆ ಸಣ್ಣ ಧರ್ಮಕೇಂದ್ರ ಸಾಲ ಮಾಡಬೇಕಿಲ್ಲ. ಬೆರಕೆಯಾದರೂ ಸರಿ, ಬರಿ ಪ್ಯಾರಾಫಿನ್ ಆದರೂ ಸರಿ, ಉರಿದು ಕರಗುವಂತಿರಲಿ. ನಮ್ಮ ಆಯ್ಕೆ ಬೆರಕೆಯದು: ಸೆಕೆಗೆ ಬಾಗುವುದು ಕಡಿಮೆ, ಹೊಗೆ ಕಡಿಮೆ, ಬೆಲೆಯೂ ನಡುವೆ ನಿಲ್ಲುತ್ತದೆ.

ಅಳತೆಯಲ್ಲಿ ಎಡವುವವರು ಬಹಳ. ದಪ್ಪ 7.5 ಸೆಂಟಿಮೀಟರ್, ಅಂದರೆ ಮೂರಿಂಚು, ಎತ್ತರ 90 ಸೆಂಟಿಮೀಟರ್ ಇರುವ ಬತ್ತಿ ಪ್ಯಾರಾಫಿನ್ನಿನದಾದರೆ 3.6 ಕಿಲೋ ತೂಗಬೇಕು, ಜೇನುಮೇಣದ್ದು 3.8 ಕಿಲೋ. ಇದಕ್ಕಿಂತ ಬಹಳ ಹಗುರವಾಗಿದ್ದರೆ ಒಳಗೆ ಟೊಳ್ಳು ಬಿಟ್ಟಿದ್ದಾರೆ. ತೂಕ ಹಾಕಿಸಿಯೇ ಕೊಳ್ಳಿ. ಎರಡಿಂಚು ದಪ್ಪ, 60 ಸೆಂಟಿಮೀಟರ್ ಎತ್ತರದ್ದು ಸುಮಾರು ಒಂದು ಕಿಲೋ. ಚಿಕ್ಕ ಪ್ರಾರ್ಥನಾಲಯಕ್ಕೆ ಅಷ್ಟು ಸಾಕು. ಎಷ್ಟು ಉರಿಯುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ಪಾಸ್ಖದಿಂದ ಅದರ 50ನೇ ದಿನದ ಪೆಂತೆಕೋಸ್ತ್ ಹಬ್ಬದವರೆಗೆ ಎಲ್ಲ ಪೂಜೆಗಳಿಗೂ ಹಚ್ಚುವ ಚರ್ಚಿನಲ್ಲಿ ದಿನಕ್ಕೆ ಎರಡರಿಂದ ಎರಡೂವರೆ ಗಂಟೆ ಉರಿಯಿತೆನ್ನಿ, 50 ದಿನಕ್ಕೆ 100ರಿಂದ 125 ಗಂಟೆ. ಗಂಟೆಗೆ 8 ಗ್ರಾಂ ಎಂದು ಹಿಡಿದರೆ 800ರಿಂದ 1,000 ಗ್ರಾಂ ಖರ್ಚು, ಮೂರಿಂಚಿನ ಬತ್ತಿಯಲ್ಲಿ 20ರಿಂದ 25 ಸೆಂಟಿಮೀಟರ್ ಇಳಿತ. ಉಳಿದದ್ದು ದೀಕ್ಷಾಸ್ನಾನಗಳಿಗೆ, ಸಾವಿನ ಪೂಜೆಯಲ್ಲಿ ಶವಪೆಟ್ಟಿಗೆಯ ಪಕ್ಕಕ್ಕೆ ವರ್ಷಪೂರ್ತಿ ಧಾರಾಳ. ಐದಡಿ ಬತ್ತಿಯನ್ನು ಮಾರಲು ಬಂದರೆ ಈ ಲೆಕ್ಕ ತೋರಿಸಿ. ಹೊರುವವರ ರಟ್ಟೆಯೂ ನೆನಪಿರಲಿ: ಹೊರಗಿನ ಬೆಂಕಿಯಿಂದ ಬಲಿಪೀಠದವರೆಗೆ ಮೂರು ಕಡೆ ನಿಂತು, ಮೂರು ಸಲ ಎತ್ತಿ ಹಿಡಿದು "ಕ್ರಿಸ್ತನ ಜ್ಯೋತಿ" ಎಂದು ಹಾಡಬೇಕು.

ಅಂಗಡಿಗೆ ಹೋಗುವ ಮುಂಚೆ ದೀಪಸ್ತಂಭದ ಬಟ್ಟಲಿನ ಒಳ ಅಗಲ ಅಳೆದುಕೊಳ್ಳಿ. ಶನಿವಾರ ಸಂಜೆ ಏಳು ಗಂಟೆಗೆ ಮೂರಿಂಚಿನ ಬತ್ತಿ ಎರಡೂಮುಕ್ಕಾಲು ಇಂಚಿನ ಬಟ್ಟಲಿಗೆ ಇಳಿಯುವುದಿಲ್ಲ ಎಂದು ಗೊತ್ತಾಗಿ ಅಡುಗೆಮನೆ ಚಾಕು ಹಿಡಿದು ಕೆತ್ತುವ ಪಾಡು ಯಾರಿಗೂ ಬೇಡ. ತಣ್ಣನೆಯ ಮೇಣ ಕೆತ್ತಿದರೆ ಉದ್ದಕ್ಕೆ ಸೀಳುತ್ತದೆ. ಕೆತ್ತಲೇಬೇಕಾದರೆ ಬಿಸಿನೀರಲ್ಲದ್ದಿ ಹಿಂಡಿದ ಬಟ್ಟೆಯನ್ನು ಬುಡಕ್ಕೆ ಹತ್ತು ನಿಮಿಷ ಸುತ್ತಿಟ್ಟು, ಆಮೇಲೆ ತೆಳ್ಳಗೆ ಹೆರೆಯಿರಿ.

ಅಲಂಕಾರ ಮುಂಬಯಿ ಅಂಗಡಿಗಳ ದೌರ್ಬಲ್ಯ. ಚಿನ್ನದ ಬಣ್ಣದ ಕುರಿಮರಿ, ದ್ರಾಕ್ಷಿ ಬಳ್ಳಿ, ಗೋಧಿ ತೆನೆ, ಮಿನುಗುಪುಡಿ ಎಲ್ಲ ಮೆತ್ತಿ ಕೊಡುತ್ತಾರೆ. ಅಂಟಿಸಿದ್ದು ಬಣ್ಣದ ಮೇಣದ ಹಾಳೆಯಾದರೆ ತೊಂದರೆ ಇಲ್ಲ, ಮೈಜೊತೆ ಕರಗುತ್ತದೆ. ಅಕ್ರಿಲಿಕ್ ಬಣ್ಣವೋ ಪ್ಲಾಸ್ಟಿಕ್ ಚಿತ್ರವೋ ಆದರೆ ಅದು ಕರಗದೆ ಸುರುಳಿಯಾಗಿ ಮೇಣದ ಹೊಂಡಕ್ಕೆ ಬೀಳುತ್ತದೆ, ದಾರಕ್ಕೆ ಕಟ್ಟಿಕೊಂಡು ಜ್ವಾಲೆ ಕುಗ್ಗಿ ಕಪ್ಪು ಹೊಗೆ ಏಳುತ್ತದೆ. ಕುರಿಮರಿ ಬೇಕೇ ಎಂದರೆ ಬೇಕು ಅನ್ನುತ್ತೇವೆ. ಈಜಿಪ್ಟಿನಿಂದ ಹೊರಡುವ ರಾತ್ರಿ ಇಸ್ರಯೇಲರು ಬಾಗಿಲ ಚೌಕಟ್ಟಿಗೆ ಹಚ್ಚಿದ್ದು ಪಾಸ್ಖ ಕುರಿಮರಿಯ ರಕ್ತ; ಅದರ ಎಲುಬು ಮುರಿಯಬಾರದೆಂಬ ನಿಯಮವನ್ನೇ ಯೊವಾನ್ನ ಶಿಲುಬೆಯ ಬುಡದಲ್ಲಿ ನೆನಪಿಸಿ, ಯೇಸುವೇ ಆ ಕುರಿಮರಿ ಎಂದು ಸೂಚಿಸುತ್ತಾನೆ. ಆದರೆ ಒಂದು ಕುರಿಮರಿ ಸಾಕು, ಮಿನುಗುಪುಡಿ ಬೇಡ.

ಎಲ್ಲಕ್ಕಿಂತ ಕೆಟ್ಟದ್ದು ಶಿಲುಬೆ ಮತ್ತು ಇಸವಿಯನ್ನು ಮೊದಲೇ ಅಚ್ಚುಮಾಡಿ ಕೊಡುವುದು. ಕೊರೆಯುವುದೇ ಆ ರಾತ್ರಿಯ ವಿಧಿ. ಗುರುಗಳು ಮೊನೆಯಿಂದ ಮೊದಲು ನಿಂತ ಗೆರೆ, ಆಮೇಲೆ ಅಡ್ಡಗೆರೆ ಎಳೆಯುತ್ತಾರೆ. ಶಿಲುಬೆಯ ಮೇಲೆ ಗ್ರೀಕಿನ ಮೊದಲ ಅಕ್ಷರ ಆಲ್ಫ, ಕೆಳಗೆ ಕಡೆಯ ಅಕ್ಷರ ಒಮೆಗ. ನಾಲ್ಕು ಸಂದಿನಲ್ಲಿ ಇಸವಿಯ ನಾಲ್ಕು ಅಂಕಿ, ಮೊದಲೆರಡು ಮೇಲೆ, ಉಳಿದೆರಡು ಕೆಳಗೆ. ಪ್ರತಿ ಗುರುತಿಗೂ ಒಂದೊಂದು ಮಾತು: ನಿನ್ನೆಯೂ ಇಂದೂ ಕ್ರಿಸ್ತನೇ, ಆದಿಯೂ ಅಂತ್ಯವೂ ಅವನೇ, ಕಾಲವೆಲ್ಲ ಅವನದೇ ಎಂಬ ತಾತ್ಪರ್ಯ. ಬೋಳು ಬತ್ತಿ ಕೊಂಡು ಸೀಸದಕಡ್ಡಿಯಿಂದ ತೆಳುವಾಗಿ ಗುರುತು ಮಾಡಿಟ್ಟರೆ ಕತ್ತಲಲ್ಲಿ ಗುರುಗಳ ಕೈ ತಪ್ಪುವುದಿಲ್ಲ. ಆಳ ಎರಡು ಮಿಲಿಮೀಟರ್ ಸಾಕು.

ಆಮೇಲೆ ಐದು ಸಾಂಬ್ರಾಣಿ ಕಾಳು. ಅಂಗಡಿಯಲ್ಲಿ ಇವು ಕೆಂಪು ಮೇಣದ ಮೊಳೆಗಳಾಗಿ ಸಿಗುತ್ತವೆ, ಒಳಗೆ ಸಾಂಬ್ರಾಣಿ, ನಡುವೆ ಹಿತ್ತಾಳೆ ಅಥವಾ ಕಬ್ಬಿಣದ ಸೂಜಿ. ಒಂದನ್ನು ಒಡೆದು ನೋಡಿ. ಒಳಗೆ ಸಾಂಬ್ರಾಣಿಯೇ ಇಲ್ಲದ ಬರಿ ಬಣ್ಣದ ಮೇಣವನ್ನೂ ಮಾರುತ್ತಾರೆ. ಚುಚ್ಚುವ ಕ್ರಮ ಹೀಗೆ: ಶಿಲುಬೆಯ ತಲೆ, ನಡು, ಬುಡ, ಎಡತೋಳು, ಬಲತೋಳು. ಪವಿತ್ರವೂ ಮಹಿಮಾನ್ವಿತವೂ ಆದ ಗಾಯಗಳಿಂದ ಪ್ರಭು ನಮ್ಮನ್ನು ಕಾಯಲಿ ಎಂಬ ಒಂದೇ ಪ್ರಾರ್ಥನೆಯನ್ನು ಐದು ತುಂಡು ಮಾಡಿ ಹೇಳುತ್ತಾರೆ. ಶಿಲುಬೆಯ ಮೇಲೆ ಯೇಸುವಿಗಾದ ಗಾಯ ಐದು: ಕೈಗೆರಡು, ಕಾಲಿಗೆರಡು, ಪಕ್ಕೆಗೊಂದು. ಹಬ್ಬದ ಬತ್ತಿಗೆ ಗಾಯವೇಕೆ? ಪುನರುತ್ಥಾನದ ನಂತರ ನಂಬದಿದ್ದ ಶಿಷ್ಯ ತೋಮನಿಗೆ ಪ್ರಭು ತೋರಿಸಿದ್ದೇ ಅವನ್ನು. ಗೆದ್ದು ಬಂದ ಮೈಯಲ್ಲಿ ಗಾಯ ಮಾಯ್ದಿರಲಿಲ್ಲ, ಮಾಯುವುದು ಅವನಿಗೆ ಬೇಕಿರಲಿಲ್ಲ. ಆ ಗಾಯದಲ್ಲಿ ಸಾಂಬ್ರಾಣಿ ಇಡುವುದಕ್ಕೆ ಪೌಲನ ಇನ್ನೊಂದು ಮಾತು ಜೊತೆಗಿದೆ: ಎಫೆಸಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಕ್ರಿಸ್ತ ನಮ್ಮನ್ನು ಪ್ರೀತಿಸಿ ತನ್ನನ್ನೇ ಸುಗಂಧ ಕಾಣಿಕೆಯಾಗಿ, ಬಲಿಯಾಗಿ ಒಪ್ಪಿಸಿಕೊಂಡ ಎನ್ನುತ್ತಾನೆ.

ತಣ್ಣನೆಯ ಬತ್ತಿಗೆ ಸೂಜಿ ಒತ್ತಿದರೆ ಬಿರುಕು ಬಿಡುತ್ತದೆ, ಕೆಲವೊಮ್ಮೆ ಚಕ್ಕೆಯೇ ಹಾರುತ್ತದೆ. ಬೆಳಿಗ್ಗೆಯೇ ಕೈಡ್ರಿಲ್ಲಿನಲ್ಲಿ ಸೂಜಿಗಿಂತ ಕೂದಲೆಳೆ ಸಣ್ಣ ತೂತು ಮಾಡಿ, ಒಳಕ್ಕೆ ಎರಡು ಸೆಂಟಿಮೀಟರ್, ಸ್ವಲ್ಪ ಕೆಳಮುಖವಾಗಿ. ಮೇಲ್ಮುಖವಾಗಿದ್ದರೆ ಮೊಳೆ ಕಳಚಿ ಬೀಳುತ್ತದೆ. ಸೂಜಿ ಲೋಹದ್ದೆಂಬುದನ್ನು ಮರೆಯಬೇಡಿ. ಜ್ವಾಲೆ ಹತ್ತಿರಕ್ಕೆ ಇಳಿದಾಗ ಶಾಖ ಎಳೆದುಕೊಂಡು ಆ ಜಾಗದ ಮೇಣ ಮೊದಲು ಕರಗಿಸಿ ಸೋರುಗಾಲುವೆ ತೆಗೆಯುತ್ತದೆ. ಮೇಣದ ಹೊಂಡ ಮೊಳೆಗೆ ಎರಡು ಸೆಂಟಿಮೀಟರ್ ಇರುವಾಗಲೇ ಅದನ್ನು ಕಿತ್ತಿಡಿ.

ಉರಿಸುವಾಗಿನ ನಿಯಮ ಒಂದೇ ಮುಖ್ಯ: ದಪ್ಪದ ಪ್ರತಿ ಇಂಚಿಗೆ ಒಂದು ಗಂಟೆ. ಮೂರಿಂಚಿನ ಬತ್ತಿ ಮೊದಲ ಸಲ ಮೂರು ಗಂಟೆ ಉರಿದರೆ ಮೇಣದ ಹೊಂಡ ಅಂಚಿನವರೆಗೆ ಹರಡುತ್ತದೆ. ಪಾಸ್ಖ ಜಾಗರಣೆಯನ್ನು ಬೈಬಲಿನ ಓದುಗಳನ್ನು ಕತ್ತರಿಸದೆ ನಡೆಸಿದರೆ ಅಷ್ಟೇ ಹೊತ್ತು ಹಿಡಿಯುತ್ತದೆ, ಅದೊಂದು ಸೊಗಸು. ಆಮೇಲಿನ ದಿನಗಳಲ್ಲಿ ಅರ್ಧರ್ಧ ಗಂಟೆ ಹಚ್ಚಿ ನಂದಿಸಿದರೆ ನಡುವೆ ಬಾವಿ ತೋಡಿಕೊಂಡು ಜ್ವಾಲೆ ಒಳಗೆ ಹೂತುಹೋಗುತ್ತದೆ. ವಾರಕ್ಕೊಮ್ಮೆ, ಭಾನುವಾರ ಸಾಲಾಗಿ ಪೂಜೆ ಇರುವಾಗ, ನಡುವೆ ನಂದಿಸದೆ ಬಿಡಿ. ಅಂಚು ಎದ್ದು ನಿಂತಿದ್ದರೆ ಬೆಚ್ಚಗಿರುವಾಗ ಬೆರಳಲ್ಲಿ ಒಳಕ್ಕೆ ಮಡಿಚಿ. ದಾರವನ್ನು ಪ್ರತಿ ಸಲ ಆರು ಮಿಲಿಮೀಟರಿಗೆ ಕತ್ತರಿಸಿ, ಉದ್ದವಿದ್ದರೆ ಮಸಿ. ಊದಿ ಆರಿಸಬೇಡಿ, ಮೇಣ ಸಿಡಿಯುತ್ತದೆ. ದೀಪ ಆರಿಸುವ ಟೊಪ್ಪಿ ಮುಚ್ಚಿ.

ಇಲ್ಲಿನ ದೊಡ್ಡ ವೈರಿ ಸೀಲಿಂಗ್ ಫ್ಯಾನ್. ಏಪ್ರಿಲ್ ಸೆಕೆಯಲ್ಲಿ ಯಾರೂ ಆರಿಸಲೊಪ್ಪರು. ಗಾಳಿ ಜ್ವಾಲೆಯನ್ನು ಒಂದು ಕಡೆ ಬಾಗಿಸಿದರೆ ಆ ಕಡೆಯ ಅಂಚು ಕರಗಿ ಕಟ್ಟೆಯೊಡೆಯುತ್ತದೆ, ಹತ್ತು ನಿಮಿಷದಲ್ಲಿ ಹೊಂಡವೆಲ್ಲ ನೆಲಕ್ಕೆ. ಹಿತ್ತಾಳೆಯ ಅಥವಾ ಗಾಜಿನ ಬಾಯಿಬಳೆ, ಅಂಗಡಿಯವರು ಫಾಲೋಯರ್ ಅನ್ನುವುದು, ಬತ್ತಿಯ ಜೊತೆಗೇ ಅದೇ ಅಳತೆಗೆ ಕೊಳ್ಳಿ. ಬತ್ತಿ ಕರಗಿದಂತೆ ಅದು ತಾನೇ ಕೆಳಗಿಳಿಯಬೇಕು. ಬಿಗಿಯಾಗಿದ್ದರೆ ಮೇಲೇ ಸಿಕ್ಕಿಕೊಂಡು ಜ್ವಾಲೆ ಉಸಿರು ಕಟ್ಟುತ್ತದೆ. ಸಮುದ್ರ ಹತ್ತಿರದ ಚರ್ಚುಗಳಲ್ಲಿ ಹೊರಗಿನ ಹೊಸ ಬೆಂಕಿಯಿಂದ ಹಚ್ಚುವುದೂ ಸುಲಭವಲ್ಲ. ಹೊಸ ದಾರದ ತುದಿಯನ್ನು ಹಿಂದಿನ ದಿನವೇ ಕರಗಿದ ಮೇಣದಲ್ಲಿ ಅದ್ದಿಡಿ. ಬೆಂಕಿಯಿಂದ ಉದ್ದನೆಯ ಸಣ್ಣ ಬತ್ತಿಯಲ್ಲಿ ಜ್ವಾಲೆ ತನ್ನಿ, ಒಬ್ಬರು ಗಾಳಿಗೆ ಅಡ್ಡ ನಿಲ್ಲಲಿ.

ಪಾಸ್ಖ ಬತ್ತಿಯಿಂದ ಜ್ವಾಲೆ ಪಡೆದು ಜನ ಹಿಡಿಯುವ ಕೈಬತ್ತಿಗೆ ಹೆಚ್ಚು ಹೇಳಬೇಕಿಲ್ಲ: ಕಾಗದದ ಬಟ್ಟಲಿನ ತೂತು ಬಿಗಿಯಾಗಿರಲಿ, ಉರಿಯುವ ಬತ್ತಿ ನೇರ ಹಿಡಿದು ಆರಿದ್ದನ್ನು ಬಾಗಿಸಿ ಹಚ್ಚಿಕೊಳ್ಳಲು ಹೇಳಿ. ಎಷ್ಟು ಜನರಿಗೆ ಹಂಚಿದರೂ ಈ ಜ್ವಾಲೆ ಕುಂದುವುದಿಲ್ಲ ಎಂದು ಹಾಡುವುದೂ ಆ ಹೊತ್ತಿನಲ್ಲೇ. ಮೇಣ ಕರಗುತ್ತದೆ, ಬೆಳಕು ಹಂಚಿದಷ್ಟೂ ಅಷ್ಟೇ ಇರುತ್ತದೆ.

ಬಾಂದ್ರಾದ ಮೌಂಟ್ ಮೇರಿ ಬಸಿಲಿಕದ ಮೇಣದ ಗೊಂಬೆಗಳನ್ನೂ ಇದರ ಜೊತೆ ಇಟ್ಟು ನೋಡಬೇಕು. ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಒಂದು ವಾರ ನಡೆಯುವ ಜಾತ್ರೆಯಲ್ಲಿ ಕೈ, ಕಾಲು, ಮಗು, ಮನೆ, ಎಲ್ಲದರ ಮೇಣದ ಆಕಾರ ಸಿಗುತ್ತದೆ. ದೇವಸ್ಥಾನಕ್ಕೆ ಬೆಳ್ಳಿಯ ಕಣ್ಣು ಹಾಕುವ ನಮ್ಮೂರಿನವರಿಗೆ ಇದು ಪರಿಚಿತ ಹರಕೆ, ಎಲ್ಲ ಧರ್ಮದವರೂ ಕೊಳ್ಳುತ್ತಾರೆ. ಕೊಳ್ಳಿ, ತಪ್ಪಿಲ್ಲ. ಅಚ್ಚಿನ ಕೂಡುಗೆರೆ ನೋಡಿ ಬೆರಳು ಮುರಿಯದ್ದನ್ನು ಆರಿಸಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಆದರೆ ಅದನ್ನು ಕೆಲಸವಾದದ್ದಕ್ಕೆ ಕೊಡುವ ಫೀಸು ಎಂದುಕೊಂಡರೆ ಚರ್ಚು ಹೇಳುವುದಕ್ಕೆ ಅದು ತದ್ವಿರುದ್ಧ. ಹಿಬ್ರಿಯರಿಗೆ ಬರೆದ ಪತ್ರದ 9 ಮತ್ತು 10ನೇ ಅಧ್ಯಾಯಗಳ ವಾದವೇ ಇದು: ಬಲಿ ಒಂದೇ ಸಲ, ಎಲ್ಲರ ಪರವಾಗಿ, ಆಗಿಹೋಯಿತು, ಇನ್ನು ಕೊಟ್ಟು ತೀರಿಸುವ ಬಾಕಿ ಇಲ್ಲ. ಗೊಂಬೆಯ ಪಕ್ಕದಲ್ಲಿ ಒಂದು ಸಾದಾ ಬತ್ತಿಯನ್ನೂ ಕೊಂಡು ಅಲ್ಲೇ ಹಚ್ಚಿ ಬನ್ನಿ.

ಕೊನೆಗೆ ಹಳೆಯ ಬತ್ತಿ. ಹೊಸದು ಬಂದ ಮೇಲೆ ಕಳೆದ ವರ್ಷದ್ದನ್ನು ಪಕ್ಕದಲ್ಲಿ ನಿಲ್ಲಿಸಕೂಡದು, ಒಂದೇ ಇರಬೇಕು. ಅಂಗಡಿಯವರು ತುಂಡನ್ನು ವಾಪಸು ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಕಳೆಯುತ್ತೇವೆ ಎಂದರೆ ಕೊಡಬೇಡಿ. ಮೊಳೆಗಳನ್ನು ಕಿತ್ತು, ಮೇಲಿನ ಮಸಿ ಹೆರೆದು, ತುಂಡು ಮಾಡಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿಗೆ ಇಟ್ಟರೆ ಮೇಣಕ್ಕೇ ಬೆಂಕಿ ಹತ್ತುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ದಾರ ನಿಲ್ಲಿಸಿದ ಸಣ್ಣ ಲೋಟಗಳಿಗೆ ಹೊಯ್ಯಿರಿ. ಎರಡೂವರೆ ಕಿಲೋ ಉಳಿದಿದ್ದರೆ 50 ಗ್ರಾಮಿನ ಐವತ್ತು ದೀಪ. ಕಾಯಿಲೆ ಮಲಗಿದವರ ಮನೆಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ರೊಟ್ಟಿ) ಒಯ್ಯುವಾಗ ಒಂದೊಂದನ್ನು ಜೊತೆಗೆ ಕೊಂಡುಹೋಗಬಹುದು.